ಉಯಿಲು ಬರೆಯಬೇಕಾದವರು ಯಾರು?

(ಮಗರಪಟ್ಟಾದಲ್ಲಿ ಸೇರಿದ್ದ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ಅಂಗವಾಗಿ ಕೂಡುವ ಸಭೆಯಲ್ಲಿ ನುಡಿಯನ್ನು ಕುರಿತೋ ನಾಡನ್ನು ಕುರಿತೋ ಮಾತನಾಡುವುದು ವಾಡಿಕೆ. ಆ ಕೆಲಸಕ್ಕೆ ತಕ್ಕ ವಿದ್ವಾಂಸರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನಾದರೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಸಾಹಿತಿಯೂ ಅಲ್ಲ, ವಕೀಲನೂ ಅಲ್ಲ. "ದಿನವೂ ಕೌಂಟರಿನಲ್ಲಿ ಕುಳಿತು ನೋಡುವುದನ್ನೇ ಹೇಳಿ, ಸಾಕು" ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಆದ್ದರಿಂದ ಮನೆ, ಹೊಲ, ಠೇವಣಿಗಳು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಬಗೆಯನ್ನೂ, ಆ ದಾರಿಯಲ್ಲಿ ಮನೆಯ ಹಿರಿಯರಿಗೆ ಒದಗುವ ತೊಡಕನ್ನೂ ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಹಬ್ಬದ ಹೊತ್ತಿನಲ್ಲಿ ಸಾವಿನ ಮಾತು ಎತ್ತುವುದು ಅಶುಭವೆಂದು ಕೆಲವರಿಗೆ ತೋರಬಹುದು. ವಿಮೆಯ ಏಜೆಂಟರು ಇದೇ ಮಾತನ್ನು ಆಡಿದಾಗ ನಾವು ಚಹ ಕೊಟ್ಟು ಕೇಳುತ್ತೇವೆ. ಅಷ್ಟೇ ದಯೆಯನ್ನು ನನಗೂ ತೋರಬೇಕು.

ಹಾಗೆ ನೋಡಿದರೆ ಈ ವಿಷಯವು ರಾಜ್ಯೋತ್ಸವಕ್ಕೆ ತೀರ ಹೊರಗಿನದೇನೂ ಅಲ್ಲ. ಮನೆತನದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬ ನ್ಯಾಯವನ್ನು ನೆಲೆಗೊಳಿಸಿದ ಮಿತಾಕ್ಷರಾ ಗ್ರಂಥವು ಹುಟ್ಟಿದ್ದು ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಆ ವ್ಯಾಖ್ಯಾನವನ್ನು, ಬಂಗಾಳದ ಕಡೆಯನ್ನು ಬಿಟ್ಟರೆ, ಭಾರತದ ಬಹುಭಾಗವು ಶತಮಾನಗಳ ಕಾಲ ಅನುಸರಿಸಿತು. ಈ ಪುಣೆಯಲ್ಲಿ ಅಣ್ಣತಮ್ಮಂದಿರು ಪಾಲು ಕೇಳಿದಾಗಲೂ ತೆರೆದು ನೋಡುತ್ತಿದ್ದುದು ನಮ್ಮ ನಾಡಿನಲ್ಲಿ ಬರೆದ ಹೊತ್ತಿಗೆಯನ್ನೇ. ಮುಂದೆ 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂತು. ಅದೇ ವರ್ಷ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ನಾಡು ಒಂದಾಯಿತು. ನಾಡಿನ ಆಸ್ತಿಪತ್ರ ಸರಿಯಾದ ವರ್ಷವೇ ಮನೆಯ ಆಸ್ತಿಯ ಕಾಯಿದೆಯೂ ಸರಿಯಾಯಿತೆಂದು ಹೇಳಿದರೆ ಚಮತ್ಕಾರಕ್ಕಾಗಿ ಆಡಿದ ಮಾತೆನ್ನಿಸೀತು. ಇರಲಿ, ವಿಷಯಕ್ಕೆ ಬರುತ್ತೇನೆ.

ಸಂಜೆ ಅದಿತಿ ಉದ್ಯಾನದ ಕಡೆ ಹೋದರೆ ಕಲ್ಲುಬೆಂಚುಗಳ ಮೇಲೆ ಧಾರವಾಡದ ಕನ್ನಡವೂ ಕಲಬುರಗಿಯ ಕನ್ನಡವೂ ಕಿವಿಗೆ ಬೀಳುತ್ತವೆ. ಅಲ್ಲಿ ಕುಳಿತವರಲ್ಲಿ ಬಹುಮಂದಿ ಮಕ್ಕಳ ನೌಕರಿಯ ಕಾರಣದಿಂದ ಇಲ್ಲಿಗೆ ಬಂದ ತಾಯಿತಂದೆಗಳು. ಮಗನು ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ, ಊರಿನಲ್ಲಿ ಇಬ್ಬರೇ ಇರುವುದು ಕಷ್ಟ. ಆದ್ದರಿಂದ ಊರಿನ ಮನೆಯನ್ನು ಮಾರಿ, ಬಂದ ಹಣವನ್ನು ಮಗನು ಕೊಳ್ಳುವ ಫ್ಲ್ಯಾಟಿಗೆ ಸೇರಿಸುತ್ತಾರೆ. ಉಳಿದದ್ದು ಬ್ಯಾಂಕಿನ ಸಾಲ. ಕರಾರುಪತ್ರ ಮಗನ ಹೆಸರಿನಲ್ಲಿ, ಹೆಚ್ಚೆಂದರೆ ಮಗ ಸೊಸೆ ಇಬ್ಬರ ಹೆಸರಿನಲ್ಲಿ. ತಂದೆಯ ಹೆಸರು ಎಲ್ಲಿದೆ ಎಂದು ಕೇಳಿದರೆ, ಬಾಗಿಲ ಫಲಕದ ಮೇಲೆ ಎಂದು ನಗುತ್ತಾರೆ. ಇದರಲ್ಲಿ ಯಾರದೂ ಕಪಟವಿಲ್ಲ. ಕೊಡುವವರು ಪ್ರೀತಿಯಿಂದ ಕೊಟ್ಟಿದ್ದಾರೆ, ಪಡೆದವನು ಮರ್ಯಾದೆಯಿಂದ ನೋಡಿಕೊಳ್ಳುತ್ತಿದ್ದಾನೆ.

ಈಗ ನಾವು ಬಾಯಿಬಿಟ್ಟು ಹೇಳಲಾರದ ಸಂಗತಿಯನ್ನು ಲೆಕ್ಕದ ದೃಷ್ಟಿಯಿಂದ ನೋಡೋಣ. ಫ್ಲ್ಯಾಟು ಮಗನೊಬ್ಬನ ಹೆಸರಿನಲ್ಲಿದೆ, ಬೆಲೆ ಒಂದು ಕೋಟಿ, ಅದರಲ್ಲಿ ತಂದೆ ಕೊಟ್ಟದ್ದು 40 ಲಕ್ಷ ಎಂದಿಟ್ಟುಕೊಳ್ಳಿ. ತಂದೆತಾಯಿಗಳು ಇರುವಾಗಲೇ, ಉಯಿಲು ಬರೆಯದೆ, ಆ ಮಗನು ಅಪಘಾತದಲ್ಲೋ ಹೃದಯಾಘಾತದಲ್ಲೋ ತೀರಿಕೊಂಡರೆ ಆ ಮನೆ ಯಾರಿಗೆ? 1956ರ ಕಾಯಿದೆಯ ಪ್ರಕಾರ ಪುರುಷನ ಮೊದಲನೆಯ ವರ್ಗದ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಸೇರುತ್ತಾರೆ, ಎಲ್ಲರಿಗೂ ಸಮಪಾಲು. ಹೆಂಡತಿ, ಎರಡು ಮಕ್ಕಳು, ತಾಯಿ ಇದ್ದರೆ ನಾಲ್ಕು ಪಾಲು; ಸಾಲ ತೀರಿದ ಮನೆಯಾದರೆ ತಲಾ 25 ಲಕ್ಷ. ತಂದೆಗೆ? ತಂದೆಯನ್ನು ಎರಡನೆಯ ವರ್ಗದಲ್ಲಿ ಇಟ್ಟಿದ್ದಾರೆ. ಮೊದಲ ವರ್ಗದವರಲ್ಲಿ ಒಬ್ಬರಿದ್ದರೂ ಅವನಿಗೆ ಒಂದು ಪೈಸೆಯೂ ಬರುವುದಿಲ್ಲ. 40 ಲಕ್ಷ ಕೊಟ್ಟದ್ದಕ್ಕೆ ಬರಹ ಇಲ್ಲದಿದ್ದರೆ ಅದು ಮಗನಿಗೆ ಕೊಟ್ಟ ದಾನವೆಂದೇ ಎಣಿಕೆಯಾಗುವ ಸಂಭವ ಹೆಚ್ಚು. ಮಗನನ್ನು ಕಳೆದುಕೊಂಡ ಮುದುಕನು ತಾನು ದುಡಿದು ಕಟ್ಟಿದ ಮನೆಯ ಹಣದಿಂದಲೇ ಕೊಂಡ ಫ್ಲ್ಯಾಟಿನಲ್ಲಿ, ಕಾಯಿದೆಯ ಕಣ್ಣಿಗೆ, ಅತಿಥಿಯಾಗಿ ಉಳಿಯುತ್ತಾನೆ.

ಸೊಸೆಯನ್ನು ದೂರುವುದಕ್ಕಾಗಿ ನಾನಿದನ್ನು ಹೇಳುತ್ತಿಲ್ಲ. ಗಂಡನು ಹೋದ ಮೇಲೆ ಬ್ಯಾಂಕಿನ ಕಂತು ತುಂಬಬೇಕಾದವಳು ಅವಳು, ಮಕ್ಕಳನ್ನು ಬೆಳೆಸಬೇಕಾದವಳೂ ಅವಳೇ. ಮನೆ ಮಾರಬೇಕಾಗಿ ಬಂದರೆ ಅತ್ತೆಯ ಸಹಿಗಾಗಿ ಕಾಯಬೇಕಾದವಳೂ ಅವಳೇ. ಇಬ್ಬರು ಒಳ್ಳೆಯವರ ನಡುವೆ ಮನಸ್ತಾಪ ಹುಟ್ಟಲು ಒಂದು ಖಾಲಿ ಕಾಗದ ಸಾಕು.

ಆದ್ದರಿಂದ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟು. ಉಯಿಲೆಂದರೆ ಎಂಬತ್ತು ವರ್ಷದವರು ಹಾಸಿಗೆ ಹಿಡಿದ ಮೇಲೆ ಬರೆಯತಕ್ಕದ್ದು ಎಂದು ನಾವು ತಿಳಿದಿದ್ದೇವೆ. ಹಿರಿಯರನ್ನು ಮನೆಯಲ್ಲಿಟ್ಟುಕೊಂಡಿರುವ ಮೂವತ್ತು ನಲವತ್ತರ ಮಕ್ಕಳೇ ಅದನ್ನು ಮೊದಲು ಬರೆಯಬೇಕು. "ನಾನು ಇಲ್ಲದಾದರೂ ನನ್ನ ತಂದೆ ತಾಯಿ ಇಬ್ಬರೂ ಬದುಕಿರುವವರೆಗೆ ಈ ಮನೆಯಲ್ಲಿ ವಾಸಿಸುವ ಹಕ್ಕುಳ್ಳವರು, ಅನಂತರ ಮನೆಯು ನನ್ನ ಹೆಂಡತಿ ಮಕ್ಕಳಿಗೆ ಸೇರತಕ್ಕದ್ದು" ಎಂದು ಮಗನು ಎರಡು ವಾಕ್ಯ ಬರೆದಿಟ್ಟರೆ ಮೇಲೆ ಹೇಳಿದ ತೊಡಕಿನ ಮುಕ್ಕಾಲು ಪಾಲು ಕರಗುತ್ತದೆ. ಇನ್ನೂ ಮನೆ ಕೊಳ್ಳದಿರುವವರು ಕರಾರುಪತ್ರದಲ್ಲಿಯೇ, ಯಾರ ಹಣ ಎಷ್ಟೋ ಅಷ್ಟು ಪಾಲಿನಂತೆ, ತಾಯಿತಂದೆಯ ಹೆಸರನ್ನು ಸೇರಿಸುವುದು ಇನ್ನೂ ಮೇಲು. ಕೊಂಡಾದ ಮೇಲೆ ಸೇರಿಸುವುದಕ್ಕೆ ಮುದ್ರಾಂಕದ ಖರ್ಚು ಬೀಳುತ್ತದೆ. ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಮಕ್ಕಳಿಗೋ ಮೊಮ್ಮಕ್ಕಳಿಗೋ ದಾನ ಮಾಡಿದರೆ ಮುದ್ರಾಂಕ ಶುಲ್ಕ 200 ರೂಪಾಯಿ ಮಾತ್ರ, ಬೇರೆ ಸುಂಕಗಳು ಪ್ರತ್ಯೇಕ. ತಂದೆತಾಯಿಗಳಿಗೆ ಕೊಡುವ ದಾನಕ್ಕೆ ಆ ರಿಯಾಯಿತಿ ಇಲ್ಲ. ಮೇಲಿನಿಂದ ಕೆಳಕ್ಕೆ ಹರಿಯುವುದು ಅಗ್ಗ, ಕೆಳಗಿನಿಂದ ಮೇಲಕ್ಕೆ ಏರಿಸುವುದು ದುಬಾರಿ!

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಮತ್ತೂ ತೀವ್ರವಾದದ್ದು. ನೌಕರಿ ಮಾಡುವ ಮಗಳು, ಗಂಡನಿಲ್ಲದೆ, ಮಕ್ಕಳಿಲ್ಲದೆ, ಉಯಿಲಿಲ್ಲದೆ ತೀರಿಕೊಂಡರೆ ಅವಳ ಸ್ವಂತ ದುಡಿಮೆಯ ಆಸ್ತಿ ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಅವರು ಯಾರೂ ಇಲ್ಲದಿದ್ದರೆ ಮಾತ್ರ ಹೆತ್ತವರಿಗೆ. 2009ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. 2025ರ ನವೆಂಬರಿನಲ್ಲಿ, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠವು, ಹೆಂಗಸರೆಲ್ಲರೂ ತಮ್ಮ ಸ್ವಂತ ಆಸ್ತಿಗೆ ಉಯಿಲು ಬರೆದಿಡಬೇಕೆಂದು ಬಹಿರಂಗವಾಗಿ ಕೇಳಿಕೊಂಡಿತು. ನ್ಯಾಯಾಲಯವೇ ಹೀಗೆ ಬಿನ್ನವಿಸಿದ ಮೇಲೆ ಗುಮಾಸ್ತನು ಸೇರಿಸಬೇಕಾದದ್ದೇನೂ ಇಲ್ಲ.

ಇನ್ನು ಹಿರಿಯರ ಕಡೆಗೆ ಬರುತ್ತೇನೆ. ಅವರಿಗೆ ನನ್ನ ಅರಿಕೆ ಇದಕ್ಕೆ ಹೆಚ್ಚುಕಡಿಮೆ ವಿರುದ್ಧವಾದದ್ದು. ಮಕ್ಕಳು ಬೇಗನೆ ಬರೆಯಬೇಕು. ಹಿರಿಯರು ಬೇಗನೆ ಕೊಟ್ಟುಬಿಡಬಾರದು. ಉಯಿಲಿಗೂ ದಾನಪತ್ರಕ್ಕೂ ಇರುವ ಅಂತರವನ್ನು ಎಷ್ಟೋ ಮಂದಿ ಗಮನಿಸುವುದಿಲ್ಲ. ಪುಣೆಯ ಕಡೆ ಉಯಿಲನ್ನು ಮೃತ್ಯುಪತ್ರವೆನ್ನುತ್ತಾರೆ, ದಾನಪತ್ರವನ್ನು ಬಕ್ಷೀಸಪತ್ರವೆನ್ನುತ್ತಾರೆ. ಹೆಸರು ಕೇಳಿದ ಮಾತ್ರಕ್ಕೆ ಜನರು ಮೊದಲನೆಯದಕ್ಕೆ ಹೆದರಿ ಎರಡನೆಯದಕ್ಕೆ ಒಲಿಯುತ್ತಾರೆ. ಹೆದರಬೇಕಾದದ್ದು ಎರಡನೆಯದಕ್ಕೆ. ಉಯಿಲು ನಡೆಯುವುದು ಸತ್ತ ಮೇಲೆ; ಬದುಕಿರುವಷ್ಟು ದಿನ ಮನೆ ನಿಮ್ಮದೇ, ಬುದ್ಧಿ ಸ್ಥಿರವಾಗಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾದ ಗಳಿಗೆಗೇ ಮನೆ ಇನ್ನೊಬ್ಬರದು.

2025ರ ಮಾರ್ಚಿನಲ್ಲಿ ಕರ್ನಾಟಕದ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಹೇಳಿದ ಮಾತನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಬೆಳಗಾವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲಿಯೇ ಮಕ್ಕಳು ಚಿಕಿತ್ಸೆಗೆಂದು ಸೇರಿಸಿ ಬಿಟ್ಟುಹೋದ ವೃದ್ಧರು 150ಕ್ಕೂ ಹೆಚ್ಚು ಎಂದು ಅವರು ತಿಳಿಸಿದ್ದರು. ಬೆಳಗಾವಿ ನಮಗೆ ದೂರದ ಊರಲ್ಲ. ಇಲ್ಲಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಮುಂಚೆ ಇಳಿಸುತ್ತದೆ.

ಇಂತಹವರಿಗಾಗಿ 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯಾಯಿತು. ಅದರ 23ನೆಯ ಕಲಮಿನ ಸಾರಾಂಶವಿದು: ತನ್ನ ಮೂಲಭೂತ ಅವಶ್ಯಕತೆಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯನು ಆಸ್ತಿಯನ್ನು ಕೊಟ್ಟು, ಪಡೆದವನು ನೋಡಿಕೊಳ್ಳದೆ ಹೋದರೆ, ಹಿರಿಯನ ಅರ್ಜಿಯ ಮೇಲೆ ಆ ವರ್ಗಾವಣೆಯನ್ನು ಅನೂರ್ಜಿತವೆಂದು ಸಾರಬಹುದು. ಷರತ್ತು ಎಂಬ ಮಾತನ್ನು ಮರೆಯಬೇಡಿ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆಯಲ್ಲಿ ತಾಯಿಯು ಹೆಣ್ಣುಮಕ್ಕಳಿಗೆ ಹಕ್ಕು ಬಿಟ್ಟುಕೊಟ್ಟಿದ್ದಳು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟದ್ದೆಂದು ತೋರಿಸಲಾಗಲಿಲ್ಲವಾಗಿ ಆಕೆಗೆ ಪರಿಹಾರ ದೊರೆಯಲಿಲ್ಲ. 2025ರ ಜನವರಿ 2ರಂದು ಮಧ್ಯಪ್ರದೇಶದ ಛತರಪುರದ ತಾಯಿಯೊಬ್ಬಳ ಮೊಕದ್ದಮೆ ತೀರ್ಮಾನವಾಯಿತು. ಅಲ್ಲಿ ಮಗನು ತಾಯಿಯನ್ನು ಕಡೆಯವರೆಗೂ ನೋಡಿಕೊಳ್ಳುವುದಾಗಿ ಬೇರೊಂದು ವಚನಪತ್ರವಿತ್ತೆಂದು ತಾಯಿಯ ವಾದ. ಕಾಯಿದೆಯನ್ನು ಹಿರಿಯರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಓದಬೇಕೆಂದು ಹೇಳಿ ನ್ಯಾಯಾಲಯವು ದಾನಪತ್ರವನ್ನು ರದ್ದುಮಾಡಿ ಮನೆಯನ್ನು ತಾಯಿಗೆ ಮರಳಿಸಿತು. ಎರಡನ್ನೂ ಕೂಡಿಸಿ ನೋಡಿ. ಕೊಡಲೇಬೇಕೆಂದಿದ್ದರೆ ದಾನಪತ್ರದ ಒಳಗೇ, ಮಗನೂ ಸಹಿ ಮಾಡುವಂತೆ, ಊಟ, ವಸತಿ, ಔಷಧದ ಷರತ್ತನ್ನು ಬರೆಸಿರಿ. "ಮಗನ ಮೇಲೆ ಅಪನಂಬಿಕೆಯೇ?" ಎಂದು ಕೇಳುವವರಿರುತ್ತಾರೆ. ಅದೇ ಮಗನಿಗೆ ಸಾಲ ಕೊಡುವಾಗ ಬ್ಯಾಂಕು ಎಷ್ಟು ಪುಟಗಳಿಗೆ ಸಹಿ ತೆಗೆದುಕೊಂಡಿತೆಂದು ಅವರನ್ನು ಕೇಳಿರಿ.

ಈ ಕಾಯಿದೆಯ ಇನ್ನೊಂದು ಅನುಕೂಲ ವಲಸೆ ಬಂದ ನಮಗೆ ವಿಶೇಷವಾಗಿ ತಿಳಿದಿರಬೇಕು. ಪೋಷಣೆಯ ಅರ್ಜಿಯನ್ನು ಹಿರಿಯರು ತಾವಿರುವ ಅಥವಾ ಕೊನೆಯದಾಗಿ ಇದ್ದ ಜಿಲ್ಲೆಯಲ್ಲಾದರೂ, ಮಕ್ಕಳಿರುವ ಜಿಲ್ಲೆಯಲ್ಲಾದರೂ ಸಲ್ಲಿಸಬಹುದು. ಕರ್ನಾಟಕದಲ್ಲಾದರೆ ಉಪವಿಭಾಗಾಧಿಕಾರಿಗಳ ಮುಂದೆ, ಇಲ್ಲಾದರೆ ಪ್ರಾಂತಾಧಿಕಾರಿಗಳ ಮುಂದೆ. ಪೋಷಣೆಯ ಮೊತ್ತ ಮಾತ್ರ ತಿಂಗಳಿಗೆ 10,000 ರೂಪಾಯಿ ಮೀರುವಂತಿಲ್ಲವೆಂದು ಕಾಯಿದೆ ಕಟ್ಟಿಹಾಕಿದೆ. ಈ ಊರಿನ ಬಾಡಿಗೆ ಬಲ್ಲವರಿಗೆ ಅದು ಎಷ್ಟರ ಮಾತೆಂದು ಬೇರೆ ಹೇಳಬೇಕಾಗಿಲ್ಲ. ಅರ್ಜಿಯವರೆಗೆ ಹೋಗುವ ಮುನ್ನ ವಿಚಾರಿಸಬೇಕಾದರೆ 14567 ಎಂಬ ಹಿರಿಯರ ಸಹಾಯವಾಣಿ ದೇಶಕ್ಕೆಲ್ಲ ಒಂದೇ ಇದೆ.

ಕೊಟ್ಟೂ ಕೈಬಿಡದೆ ಇರುವುದು ಹೇಗೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಾವು ನಿಂತಿರುವ ಈ ನೆಲವನ್ನೇ ನೋಡಿರಿ. ಹಡಪಸರದ ಬಗ್ಗುಲಲ್ಲಿ ಕಬ್ಬು, ಕಾಯಿಪಲ್ಲೆ ಬೆಳೆಯುತ್ತಿದ್ದ ಸುಮಾರು 400 ಎಕರೆ ಹೊಲ ಇದಾಗಿತ್ತು. ಒಡೆಯರು ನೂರಿಪ್ಪತ್ತರಷ್ಟು ರೈತ ಕುಟುಂಬಗಳು, ಹೆಚ್ಚಿನವರು ಮಗರ ಮನೆತನದವರು. ನಗರವು ಮೇಲೆ ಬಂದಾಗ ಒಬ್ಬೊಬ್ಬರೇ ಹೊಲ ಮಾರಿ ಹಣ ಎಣಿಸಿಕೊಳ್ಳಬಹುದಾಗಿತ್ತು. ಹಾಗೆ ಮಾಡದೆ, ಸತೀಶ ಮಗರರ ಮುಂದಾಳುತನದಲ್ಲಿ ಭೂಮಿಯನ್ನು ಕೂಡಿಸಿ ಕಂಪನಿ ಮಾಡಿಕೊಂಡರು. ಯಾರ ಹೊಲ ಎಷ್ಟೋ ಅವರಿಗೆ ಅಷ್ಟು ಷೇರು. 2000ದ ಸುಮಾರಿಗೆ ಕಟ್ಟಡ ಏಳತೊಡಗಿತು. ಹೊಲ ಹೋಯಿತು, ಆದರೆ ಹಕ್ಕು ಕಾಗದದ ರೂಪದಲ್ಲಿ ಅವರ ಹೆಸರಿನಲ್ಲಿಯೇ ಉಳಿಯಿತು. ಆ ರೈತರ ನೆಲದ ಮೇಲೆ ಎದ್ದ ಮನೆಗಳಿಗೆ ಊರಿನ ಮನೆ ಮಾರಿದ ಹಣ ಹಾಕಿ, ಒಂದು ಗೆರೆಯ ಬರಹವನ್ನೂ ಕೇಳದೆ ಕುಳಿತಿರುವವರು ನಮ್ಮ ಹಿರಿಯರು!

ಇನ್ನು ನನ್ನ ಸ್ವಂತ ಕಸುಬಿಗೆ ಸೇರಿದ ಮಾತು. ಕೌಂಟರಿಗೆ ಬಂದು "ನಾಮಿನಿ ಬರೆಸಿದ್ದೇನೆ, ಇನ್ನು ಉಯಿಲು ಯಾತಕ್ಕೆ?" ಎನ್ನುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ನಾಮಿನಿಯೆಂದರೆ ಒಡೆಯನಲ್ಲ, ಹಣವನ್ನು ಬ್ಯಾಂಕಿನಿಂದ ಇಸಿದುಕೊಂಡು ನಿಜವಾದ ವಾರಸುದಾರರಿಗೆ ಮುಟ್ಟಿಸಬೇಕಾದವನು. ಬ್ಯಾಂಕಿನ ಜವಾಬ್ದಾರಿ ಅವನ ಕೈಗೆ ಕೊಟ್ಟಲ್ಲಿಗೆ ಮುಗಿಯುತ್ತದೆ, ಅವನದು ಅಲ್ಲಿಂದ ಆರಂಭವಾಗುತ್ತದೆ. ನಮ್ಮ ನಿಮ್ಮೆಲ್ಲರ ಗೋಡೆಯ ಮೇಲೆ ತೂಗುವ 'ಕಾಲನಿರ್ಣಯ' ಪಂಚಾಂಗದ ಸ್ಥಾಪಕರಾದ ಜಯಂತ ಸಾಳಗಾಂವಕರರ ಆಸ್ತಿಯ ವಿಷಯದಲ್ಲಿ ಹುಟ್ಟಿದ ಮೊಕದ್ದಮೆಯಲ್ಲಿ, ಷೇರುಗಳಿಗೂ ಇದೇ ನ್ಯಾಯವೆಂದು 2023ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇಲ್ಲಿನ ಗೃಹ ಸಹಕಾರಿ ಸಂಘಗಳಲ್ಲಿಯೂ, ವಾರಸುದಾರರು ಗೊತ್ತಾಗುವವರೆಗೆ ನಾಮಿನಿಯು ತಾತ್ಕಾಲಿಕ ಸದಸ್ಯ ಮಾತ್ರ.

ಹಾಗೆಂದು ನಾಮಿನಿ ಬೇಡವೆಂದಲ್ಲ. ಅದಿಲ್ಲದಿದ್ದರೆ ಮುದುಕಿಯೊಬ್ಬಳು ಗಂಡನ ಠೇವಣಿಗಾಗಿ ಹತ್ತು ಸಲ ಎಡತಾಕಬೇಕಾಗುತ್ತದೆ. 2025ರ ನವೆಂಬರ್ 1ರಿಂದ, ರಾಜ್ಯೋತ್ಸವದ ದಿನದಿಂದಲೇ, ಠೇವಣಿಗೆ ಒಬ್ಬರ ಬದಲು ನಾಲ್ವರವರೆಗೆ ಹೆಸರಿಸುವ ಅವಕಾಶ ಬಂದಿದೆ. ಯಾರಿಗೆ ನೂರಕ್ಕೆ ಎಷ್ಟೆಂದು ಹಂಚಿ ಬರೆಯಬಹುದು, ಅಥವಾ ಒಬ್ಬರ ಅನಂತರ ಒಬ್ಬರೆಂದು ಬರೆಯಬಹುದು. ಲಾಕರಿಗೆ ಮಾತ್ರ ಎರಡನೆಯ ಕ್ರಮವೊಂದೇ. ಉಯಿಲಿನಲ್ಲಿಯೂ ನಾಮಿನಿ ಪತ್ರದಲ್ಲಿಯೂ ಒಂದೇ ಹೆಸರುಗಳು, ಒಂದೇ ಪ್ರಮಾಣ ಇರುವಂತೆ ನೋಡಿಕೊಂಡರೆ ಜಗಳಕ್ಕೆ ಎಡೆಯೇ ಇಲ್ಲ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಮುಳುಗುವುದಿಲ್ಲ, 2023ರಲ್ಲಿ ತೆರೆದ ಉದ್ಗಮ್ ಎಂಬ ಜಾಲತಾಣದಲ್ಲಿ ಅಜ್ಜನ ಹೆಸರು ಹಾಕಿ ಹುಡುಕಬಹುದು.

ಕೈನಡುಗುವ ಹಿರಿಯರ ಬಗ್ಗೆ ಒಂದು ಮಾತು. ಸಹಿ ಹೊಂದುತ್ತಿಲ್ಲವೆಂದು ಅವರನ್ನು ತಿರುಗಿ ಕಳಿಸಬೇಕಾದದ್ದಿಲ್ಲ. ಇಬ್ಬರು ಸಾಕ್ಷಿಗಳ ಎದುರಿನಲ್ಲಿ, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯಾಗಿದ್ದರೆ, ಹೆಬ್ಬೆರಳ ಗುರುತು ನಡೆಯುತ್ತದೆ; ಕೈಯಿಂದಾಗದಿದ್ದರೆ ಕಾಲ್ಬೆರಳ ಗುರುತೂ ನಡೆಯುತ್ತದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಅದಕ್ಕಿಂತ ಕಠಿಣವಾದದ್ದು ಮರೆವಿನ ರೋಗ. ಅಧಿಕಾರಪತ್ರ ಕೈಯಲ್ಲಿದೆಯೆಂದು ಮಕ್ಕಳು ನೆಚ್ಚಿಕೊಂಡಿರುತ್ತಾರೆ. 1872ರ ಕರಾರು ಕಾಯಿದೆಯ ಪ್ರಕಾರ, ಕೊಟ್ಟವರ ಬುದ್ಧಿ ಅಸ್ಥಿರವಾದಂದೇ ಅದರ ಆಯುಷ್ಯವೂ ಮುಗಿಯಿತು. ತಂದೆತಾಯಿಗಳು ಚೆನ್ನಾಗಿರುವಾಗಲೇ ಖಾತೆಗಳನ್ನು 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂಬ ರೀತಿಗೆ ಮಾಡಿಸಿಡುವುದು ಸುಲಭದ ಉಪಾಯ.

ಉಯಿಲು ಬರೆಯುವ ವಿಧಾನ ಜನರು ತಿಳಿದಷ್ಟು ಕಷ್ಟದ್ದಲ್ಲ. ಮುದ್ರಾಂಕದ ಕಾಗದ ಬೇಡ, ಬಿಳಿಯ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದವರು ಸಹಿ ಮಾಡಬೇಕು, ಅದನ್ನು ಕಂಡ ಇಬ್ಬರು ಸಾಕ್ಷಿಗಳು ಬರೆದವರ ಎದುರಿನಲ್ಲಿ ಸಹಿ ಮಾಡಬೇಕು. ವಯಸ್ಸಾದವರಾದರೆ ಬುದ್ಧಿ ನೆಟ್ಟಗಿದೆಯೆಂಬ ವೈದ್ಯರ ಚೀಟಿಯೊಂದನ್ನು ಜೊತೆಗಿಡಿರಿ. ಹಿಂದೂ ಕಾಯಿದೆಯೊಳಗೆ ವೀರಶೈವ, ಲಿಂಗಾಯತ, ಜೈನರೂ ಸೇರಿದ್ದಾರೆ. ಮುಸಲ್ಮಾನ ಬಂಧುಗಳಿಗೆ, ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದಕ್ಕಿಂತ ಹೆಚ್ಚು ಬರೆಯುವಂತಿಲ್ಲವೆಂಬ ನಿಯಮ ಬೇರೆ ಇದೆ.

ಭಾಷೆಯ ವಿಷಯವನ್ನು ಬೇಕೆಂದೇ ಪ್ರತ್ಯೇಕವಾಗಿ ಹೇಳುತ್ತಿದ್ದೇನೆ. ಉಯಿಲು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಇರಬೇಕೆಂದು ಕಾಯಿದೆ ಹೇಳಿಲ್ಲ. ಕನ್ನಡದಲ್ಲಿ ಬರೆದರೆ ಪೂರ್ಣ ಸಿಂಧು. ಇಲ್ಲಿನ ಕಚೇರಿಗೆ ಕೊಡುವಾಗ ಭಾಷಾಂತರ ಲಗತ್ತಿಸಿದರಾಯಿತು. ಕನ್ನಡ ಮಾತ್ರ ಬಲ್ಲ ತಾಯಿಯು ಇಂಗ್ಲಿಷ್ ಉಯಿಲಿಗೆ ಹೆಬ್ಬೆಟ್ಟು ಒತ್ತಿದರೆ, ಅದರಲ್ಲಿದ್ದುದು ಆಕೆಗೆ ತಿಳಿದಿತ್ತೇ ಎಂಬ ಪ್ರಶ್ನೆಯನ್ನು ಮುಂದೆ ನ್ಯಾಯಾಲಯ ಎತ್ತದೆ ಬಿಡುವುದಿಲ್ಲ. ಆಕೆಯ ಮಾತಿನಲ್ಲಿಯೇ ಬರೆದು, ಓದಿ ಹೇಳಿ, ಸಹಿ ಹಾಕಿಸಿರಿ. ಹೊರನಾಡಿನಲ್ಲಿ ಕನ್ನಡಕ್ಕೆ ಉಪಯೋಗವೇನೆಂದು ಕೇಳುವ ಮಕ್ಕಳಿಗೆ ಇದನ್ನೊಂದು ಉತ್ತರವಾಗಿ ಕೊಡಬಹುದು.

ಊರಿನ ಹೊಲದ ಕಥೆ ಹೇಳಹೊರಟರೆ ರಾತ್ರಿಯಾದೀತು. ಇಂಡಿ, ಅಫಜಲಪುರದವರಿಗೆ ಪಹಣಿ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮವರಿಗೆ ಸಾತ್-ಬಾರಾ. ಹೆಸರು ಯಾವುದಾದರೂ ಒಳಗಿರುವುದು ಎಷ್ಟೋ ಸಲ ಮುತ್ತಜ್ಜನ ಹೆಸರೇ. ಕರ್ನಾಟಕದಲ್ಲಿ ಪೌತಿ ಖಾತೆಯನ್ನೂ ಇಲ್ಲಿ ವಾರಸ ನೋಂದಣಿಯನ್ನೂ ಮಾಡಿಸದೆ ಬಿಟ್ಟಷ್ಟು ವರ್ಷ ಸಹಿ ಮಾಡಬೇಕಾದವರ ಸಂಖ್ಯೆ ಬೆಳೆಯುತ್ತ ಹೋಗುತ್ತದೆ. ಊರಿನಿಂದ ಅಣ್ಣನ ಕರೆ ಬರುತ್ತದೆ: "ತಂಗೀ, ಒಂದು ಸಹಿ ಬೇಕಾಗಿತ್ತು, ಪಂಚಮಿಗೆ ಬಂದು ಹಾಕಿಹೋಗು." ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕೆಂದು ಕರ್ನಾಟಕ, ಮಹಾರಾಷ್ಟ್ರಗಳೆರಡೂ 1994ರಲ್ಲಿ ತಮ್ಮ ಮಟ್ಟಿಗೆ ಹೇಳಿದ್ದವು, 2005ರಲ್ಲಿ ದೇಶಕ್ಕೆಲ್ಲ ಆಯಿತು. ತಂದೆಯು 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೂ ಆ ಹಕ್ಕಿಗೆ ಬಾಧೆಯಿಲ್ಲವೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮೊದಲೇ ಸರಿಯಾಗಿ ಮುಗಿದ ಪಾಲುಪಟ್ಟಿಗಳನ್ನು ಮಾತ್ರ ಕೆದಕುವಂತಿಲ್ಲ. ಅಣ್ಣನಿಗೆ ಬಿಟ್ಟುಕೊಡಬೇಕೆನ್ನಿಸಿದರೆ ಧಾರಾಳವಾಗಿ ಬಿಟ್ಟುಕೊಡಿರಿ; ಕಾಗದವನ್ನು ಓದಿ ಸಹಿ ಮಾಡಿರಿ. ಹೊಲದಿಂದ ಅವ್ವನ ಕಡೆಗಾಲದ ಖರ್ಚಿಗೆ ವರ್ಷಕ್ಕೆ ಇಷ್ಟೆಂದು ಅದರಲ್ಲಿಯೇ ಒಂದು ಸಾಲು ಸೇರಿಸಿರೆಂದು ಕೇಳುವುದಕ್ಕೆ ಅಂಜಬೇಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಾಕ್ಷಿಗಳ ವಿಷಯ ಒಂದು ಉಳಿದಿದೆ. ಹಿರಿಯರು ಸಾಮಾನ್ಯವಾಗಿ ತಮ್ಮ ಓರಗೆಯ ಸ್ನೇಹಿತರನ್ನೇ ಸಾಕ್ಷಿಗೆ ಕರೆಯುತ್ತಾರೆ. ಉಯಿಲು ವ್ಯಾಜ್ಯಕ್ಕೆ ಬಿದ್ದ ದಿನ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗ

ುತ್ತದೆ, ಆದ್ದರಿಂದ ನಿಮಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರನ್ನು, ಆಸ್ತಿಯಲ್ಲಿ ಪಾಲಿಲ್ಲದವರನ್ನು ಆರಿಸಿಕೊಳ್ಳಿರಿ. ಅಂತಹವರು ಸಿಗದಿದ್ದರೆ ಇಲ್ಲಿ ಹಿಂದಿನ ಸಾಲಿನಲ್ಲಿ ನಿಂತಿರುವ ನಮ್ಮ ಯುವಕ ವಿಭಾಗದವರಲ್ಲಿ ಇಬ್ಬರನ್ನು ಕರೆಯಿರಿ. ಚಹ ಕೊಟ್ಟರೆ ಬರುತ್ತಾರೆ.